ತಾಲೀಮಿನವರು, ಹರಾಜಿನವರು

ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನಮಗೆ ‘ತಾಲೀಮು’ ಎಂದರೆ ಮೊದಲು ಕಣ್ಣಿಗೆ ಬರುವುದು ಪಾಟಿ-ಬಳಪ. ಮುಂದೆ ಕನ್ನಡ ಶಾಲೆಗೆ ಸೇರಿದ ಮೇಲೆ ಅದೇ ಪದ ಕೆಂಪು ಮಣ್ಣಿನ ವಾಸನೆ ಹೊತ್ತು ಎದುರಾಯಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮ್ಮ ಸೀಮೆಯಲ್ಲಿ ಗರಡಿಮನೆಗೆ ತಾಲೀಮು ಅನ್ನುತ್ತಾರೆ, ಅಲ್ಲಿ ಕಲಿಸುವವನಿಗೆ ವಸ್ತಾದ. ಅರಬ್ಬಿಯ ಶಿಕ್ಷಣವೂ ಫಾರಸಿಯ ಗುರುವೂ ಕೃಷ್ಣೆಯ ನೀರು ಕುಡಿದು ಲಂಗೋಟಿ ಬಿಗಿದ ಬಗೆ ಇದು! ಪೈಲ್ವಾನ ಕಣಕ್ಕಿಳಿದರೆ ನಮ್ಮ ಹಿರಿಯರು ಅವನ ಜಾತಿ ಕೇಳುತ್ತಿರಲಿಲ್ಲ, ಯಾವ ತಾಲೀಮಿನವನು ಎಂದು ಕೇಳುತ್ತಿದ್ದರು.

ಈಗ ಜಾತ್ರೆ, ಉರುಸುಗಳಲ್ಲಿ ಹೊನಲು ಬೆಳಕಿನ ಕಬಡ್ಡಿಯ ಅಬ್ಬರ. ಕಬಡ್ಡಿಯ ಮೇಲೆ ನಮಗೆ ಪ್ರೀತಿಯೇ ಇದೆ. ಆದರೆ ಊರಿನ ಹೆಸರು ಬರೆದ ಬನಿಯನ್ನು ತೊಟ್ಟ ಏಳು ಜನರಲ್ಲಿ ಐವರಿಗೆ ಊರಿನ ಬಸ್‌ ನಿಲ್ದಾಣ ಎಲ್ಲಿದೆಯೆಂದೇ ಗೊತ್ತಿರುವುದಿಲ್ಲ. ಸಂಜೆ ಜೀಪಿನಲ್ಲಿ ಬರುತ್ತಾರೆ, ರಾತ್ರಿ ಆಡಿ ರೊಕ್ಕ ಎಣಿಸಿಕೊಂಡು ಹೋಗುತ್ತಾರೆ. ಊರ ಹುಡುಗರು ಗೆರೆಯ ಆಚೆ ಟವೆಲ್ಲು ಹಿಡಿದು ನಿಂತಿರುತ್ತಾರೆ. ತಂಡ ಕಟ್ಟುವ ಹಿರಿಯರೊಬ್ಬರನ್ನು ಕೇಳಿದೆವು. “ಹುಡುಗರನ್ನ ಬೆಳಸ್ಕೋತ ಕುಂತ್ರ ಕಪ್ಪು ಯಾವಾಗ ತರೂದ್ರಿ ಸಾಹೇಬ್ರ?” ಎಂದರು. ಮಾತು ಪೂರ್ತಿ ಸುಳ್ಳಲ್ಲ. ವಂತಿಗೆ ಕೊಟ್ಟ ಜನ ಗೆಲುವನ್ನೇ ಕೇಳುತ್ತಾರೆ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಇದೇ ವಾದ ಕೋಟಿಗಳ ಮಟ್ಟಕ್ಕೆ ಏರಿತು. ಅಲ್ಲಿ ಹೆಸರಾದವರನ್ನು ಹರಾಜಿನಲ್ಲಿ ಕೊಳ್ಳಬಹುದು. ಎಳೆಯರನ್ನು ಹುಡುಕಿ ‘ನ್ಯೂ ಯಂಗ್ ಪ್ಲೇಯರ್’ ಎಂದು ಹರಾಜಿನ ಹೊರಗೇ ಸೇರಿಸಿಕೊಳ್ಳಲೂಬಹುದು. ಖರ್ಚಿಗೆ ಕಡಿವಾಣವಿದೆ. 2023ರ ಹರಾಜಿನ ಹೊತ್ತಿಗೆ ತಂಡವೊಂದಕ್ಕೆ 5 ಕೋಟಿ ರೂಪಾಯಿ.

ನಮ್ಮ ಬೆಂಗಳೂರು ಬುಲ್ಸ್ ಕತೆಯನ್ನೇ ನೋಡಿ. ಹರಿಯಾಣದ ಪರ್ದೀಪ್ ನರ್ವಾಲ್ 2015ರಲ್ಲಿ ಈ ಲೀಗಿನಲ್ಲಿ ಮೊದಲು ಕಾಲಿಟ್ಟದ್ದು ಇದೇ ತಂಡದಿಂದ. ಮರುವರ್ಷ ಪಟ್ನಾ ಸೇರಿದ. ಪಟ್ನಾ ಸಾಲಾಗಿ ಮೂರು ಸಲ ಗೆದ್ದಿತು. 2017ರ ಒಂದೇ ಋತುವಿನಲ್ಲಿ ಅವನು 369 ದಾಳಿ ಅಂಕ ತಂದ. ಅದೇ ಪರ್ದೀಪನನ್ನು 2024ರಲ್ಲಿ ಬುಲ್ಸ್ 70 ಲಕ್ಷಕ್ಕೆ ಕೊಂಡು ತಂದಿತು. ಆ ಋತುವಿನಲ್ಲಿ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು. ಕೊನೆಯ ಸ್ಥಾನ. ಹೋರಿಗರುವನ್ನು ಸಂತೆಯಲ್ಲಿ ಬಿಟ್ಟು ಬಂದವರು ಮುದಿ ಎತ್ತನ್ನು ಕೊಂಡು ತಂದಂತಾಯಿತು.

ಹಾಗೆಂದು ಬುಲ್ಸ್‌ಗೆ ಆಟಗಾರರನ್ನು ಬೆಳೆಸಲು ಬರುವುದಿಲ್ಲ ಎನ್ನುವಂತಿಲ್ಲ. 2019ರ ಜನವರಿ 5ರ ಫೈನಲ್ಲಿನಲ್ಲಿ ಒಬ್ಬನೇ 22 ಅಂಕ ಗಳಿಸಿ ಕಪ್ಪು ತಂದುಕೊಟ್ಟ ಪವನ್ ಸೆಹ್ರಾವತ್ ಅರಳಿದ್ದು ಅಲ್ಲಿಯೇ. ಅವನನ್ನು 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲು ಪೆಟ್ಟಾಗಿ ಋತುವೆಲ್ಲ ಹೊರಗುಳಿದ. ತಲೈವಾಸ್ ಮುಳುಗಿತು ಎಂದುಕೊಂಡರೆ, ನರೇಂದರ್ ಎಂಬ ಹೊಸ ಹುಡುಗ ದಾಳಿಯ ಭಾರ ಹೊತ್ತು ತಂಡವನ್ನು ಮೊದಲ ಬಾರಿಗೆ ಸೆಮಿಫೈನಲ್ ಮುಟ್ಟಿಸಿದ! ಮರುವರ್ಷ ತೆಲುಗು ಟೈಟನ್ಸ್ ಪವನನಿಗೆ 2.605 ಕೋಟಿ ಸುರಿಯಿತು. ಆ ತಂಡವೂ ಕೊನೆಗೆ ನಿಂತಿತು. ಪವನ್ ಆಟ ಮರೆತಿರಲಿಲ್ಲ. ಥೈಲಿಯ ಅರ್ಧಕ್ಕಿಂತ ಹೆಚ್ಚು ಒಬ್ಬನಿಗೇ ಹೋದರೆ ಎದುರಾಳಿಯ ಕಾಲು ಹಿಡಿಯುವವರನ್ನು ಎಲ್ಲಿಂದ ತರುವುದು?

ನಮ್ಮ ಮನಸ್ಸಿಗೆ ಹತ್ತಿರವಾದದ್ದು ಪುಣೇರಿ ಪಲ್ಟನ್. ಆಗಿನ ಅಹ್ಮದ್‌ನಗರ ಜಿಲ್ಲೆಯ ಅಸ್ಲಮ್ ಇನಾಮದಾರ, ಜೊತೆಗೆ ಮೋಹಿತ್ ಗೋಯತ್ ಮೊದಲಾದ ಎಳೆಯರನ್ನು ತಂದು, ಸೋತಾಗಲೂ ಕೈಬಿಡದೆ ಇಟ್ಟುಕೊಂಡರು. 2022ರ ಫೈನಲ್ ಸೋತರು. ಆಮೇಲೆ ಇರಾನಿನ ಶಾದ್‌ಲೂಯಿಯನ್ನು 2.35 ಕೋಟಿಗೆ ಕೊಂಡರು. ಮನೆಯಲ್ಲೇ ಬೆಳೆದ ಹುಡುಗರ ಸಂಬಳದ ಭಾರ ಕಡಿಮೆ. ಹಾಗಾಗಿ ಕೊಳ್ಳಲು ಕೈಯಲ್ಲಿ ರೊಕ್ಕ ಉಳಿದಿತ್ತು. 2024ರ ಮಾರ್ಚ್ 1ರಂದು ಅಸ್ಲಮನ ನಾಯಕತ್ವದಲ್ಲಿ ಹರಿಯಾಣವನ್ನು 28-25ರಿಂದ ಸೋಲಿಸಿದರು. ತರಬೇತಿ ಕೊಟ್ಟವರು ಕನ್ನಡಿಗ ಬಿ.ಸಿ. ರಮೇಶ್. (ಬುಲ್ಸ್ 2025ರಲ್ಲಿ ಅವರನ್ನು ಕರೆಸಿಕೊಂಡಿತು.)

ಇದು ಕಬಡ್ಡಿಯೊಂದರ ಜಗಳವೂ ಅಲ್ಲ. ಅಮೆರಿಕದ ಬಾಸ್ಕೆಟ್‌ಬಾಲಿನಲ್ಲಿ ಸೋತ ತಂಡಗಳಿಗೇ ಎಳೆಯರನ್ನು ಮೊದಲು ಆರಿಸುವ ಅವಕಾಶ ಹೆಚ್ಚು. ಗೋಲ್ಡನ್ ಸ್ಟೇಟ್ ತಂಡ ಕರ್ರಿ, ಥಾಂಪ್ಸನ್, ಗ್ರೀನ್ ಮೂವರನ್ನೂ ಹಾಗೆಯೇ ಆರಿಸಿ 2015ರಲ್ಲಿ ಗೆದ್ದಿತು; ಡ್ಯುರಾಂಟ್‌ನಂಥ ದೊಡ್ಡ ಆಟಗಾರ ಹೊರಗಿನಿಂದ ಬಂದದ್ದು ಆಮೇಲೆ, 2016ರಲ್ಲಿ. ಮಯಾಮಿ 2010ರಲ್ಲಿ ಲೆಬ್ರಾನ್ ಜೇಮ್ಸ್‌ನನ್ನು ಕರೆತಂದು ಎರಡು ಸಲ ಗೆದ್ದದ್ದೂ ನಿಜ. ಅಲ್ಲಿಯೂ ಡ್ವೇನ್ ವೇಡ್ ಎಂಬ ಮನೆಮಗ ಮೊದಲೇ ಇದ್ದ.

ಆ ದೊಡ್ಡ ಲೀಗುಗಳಲ್ಲಿ ಎಳೆಯರಿಗೊಂದು ಬಾಗಿಲನ್ನು ನಿಯಮವೇ ತೆರೆದಿಟ್ಟಿದೆ. ನಮ್ಮ ಉರುಸಿನ ಪಂದ್ಯಾವಳಿಗೆ ಖರ್ಚಿನ ಮಿತಿಯೂ ಇಲ್ಲ, ಬಾಗಿಲೂ ಇಲ್ಲ. ಕೆಲವು ಕಡೆ ಆಧಾರ್ ಕಾರ್ಡು ನೋಡಿ ಊರಿನವರನ್ನಷ್ಟೇ ಕಣಕ್ಕೆ ಬಿಡುತ್ತಾರೆ. ಆಟ ಸ್ವಲ್ಪ ಸಪ್ಪೆ ಎನ್ನಿಸಿದರೂ ಅಂಥ ರಾತ್ರಿಗಳಲ್ಲಿ ಹೆಂಗಸರು ಮಾಳಿಗೆಯ ಮೇಲೆ ನಿಂತು ಹೆಸರು ಹಿಡಿದು ಕೂಗುವುದನ್ನು ಕೇಳಿದ್ದೇವೆ. ಜೀಪಿನಲ್ಲಿ ಬಂದವರನ್ನು ಯಾರು ಹಾಗೆ ಕೂಗುತ್ತಾರೆ?

ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ತಾಯಿಯ ಮಗನೊಬ್ಬನಿದ್ದ. ಎಡಗಾಲು ಚಾಚಿ ಬೋನಸ್ ಕದಿಯುವುದರಲ್ಲಿ ಬಲು ಚುರುಕು. ಮೂರು ವರ್ಷ ಊರ ತಂಡದ ನೀರಿನ ಕ್ಯಾನು ಹೊತ್ತ. ಕಣಕ್ಕಿಳಿದದ್ದು ತಂಡ ಸೋತಾಗಿದ್ದ ಕೊನೆಯ ಎರಡೋ ಮೂರೋ ನಿಮಿಷ. ಬೇಸತ್ತು ಮಿರಜ ಕಡೆಗೆ ಹೋದ. ಅಲ್ಲೊಬ್ಬರು ಇರಲು ಕೋಣೆ ಕೊಟ್ಟು, ಎರಡು ವರ್ಷ ಬೆಳಗಿನ ಐದಕ್ಕೆಲ್ಲ ಎಬ್ಬಿಸಿ ಓಡಿಸಿದರಂತೆ. ಈಗ ಅವನೂ ಜೀಪಿನಲ್ಲಿ ಹೋಗಿ ಆಡಿಬರುವವರ ಪೈಕಿ. ಮೊನ್ನೆ ಅವನ ತಾಯಿ ನಮ್ಮ ಮನೆಗೆ ಬಂದಾಗ ಒಂದು ಸುದ್ದಿ ಹೇಳಿದರು. ಈ ಸಲದ ಉರುಸಿಗೆ ಎಷ್ಟು ತಗೋತೀ ಎಂದು ಊರಿನವರೇ ಅವನಿಗೆ ಫೋನು ಮಾಡಿದ್ದಾರಂತೆ.