ಅಮ್ಮನ ಉತ್ತರಪತ್ರಿಕೆ

ಹೈಸ್ಕೂಲಿನಲ್ಲಿ 34 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ತಪ್ಪು ಕಂಡರೆ ಕೈ ಸುಮ್ಮನಿರದು. ನಿವೃತ್ತನಾಗಿ ಸಾಗರದ ಹತ್ತಿರದ ಮನೆಗೆ ಬಂದ ಮೇಲೆ ತಿದ್ದಲು ಸಿಕ್ಕಿದ್ದು ಅಮ್ಮ ಒಬ್ಬಳೇ.

ಆಗ ಅವಳಿಗೆ 88. ಟಿವಿಯಲ್ಲಿ ವಾರ್ತೆ ಓದುವವಳನ್ನು ತೋರಿಸಿ, "ಆಗಿಂದ ಮಾತಾಡ್ತಾ ಇದ್ದು ಪಾಪ, ಆಸ್ರಿಗೆ ಕೊಟ್ಯನೇ?" ಎಂದು, ಕುಡಿಯಲು ಏನೂ ಕೊಡದ ಸೊಸೆಯನ್ನು ಗದರುತ್ತಿದ್ದಳು. "ನಾನು ನಿನ್ನ ಮಗ" ಎಂದರೆ ನನ್ನ ಬೋಳುತಲೆ ನೋಡಿ, "ಯನ್ನ ಮಗ ಇಷ್ಟು ಮುದುಕ ಅಲ್ಲ ಮಾರಾಯ" ಎನ್ನುತ್ತಿದ್ದಳು. ನೆನಪು ಚುರುಕಾಗಲಿ ಎಂದು ದಿನಾ ಬೆಳಿಗ್ಗೆ ಪರೀಕ್ಷೆ ಇಟ್ಟೆ. ಇವತ್ತು ಯಾವ ವಾರ? "ಶಾಲೆ ಮೇಷ್ಟ್ರಿಗೇ ಗೊತ್ತಿಲ್ಲೆ ಅಂದ್ರೆ ಯಂಗೆ ಹ್ಯಾಂಗೆ ಗೊತ್ತಾಗ್ತು?" ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ "ಮಂಗಳವಾರ" ಎಂದು ತಿದ್ದಿದೆ.

ಸಂಜೆಯಾದರೆ ನಗು ನಿಲ್ಲುತ್ತಿತ್ತು. ಬಿಸಿಲು ಅಡಿಕೆ ಮರದ ತಲೆಗೇರುವ ಹೊತ್ತಿಗೆ ಒಂದು ಸೀರೆ, ಒಂದು ಬಾಚಣಿಗೆ ಗಂಟು ಕಟ್ಟಿಕೊಂಡು ಜಗಲಿಗೆ ಬರುವಳು. "ಹೊತ್ತಾತು, ಮನೆಗೆ ಹೋಪನ. ಅಣ್ಣಯ್ಯ ಕಾಯ್ತಾ ಇರ್ತ." ಆ ತವರುಮನೆ 1964ರಲ್ಲೇ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಡೆಯಾಗಿತ್ತು. ಅಣ್ಣಯ್ಯ ತೀರಿಕೊಂಡು ಇಪ್ಪತ್ತು ವರ್ಷ ಕಳೆದಿತ್ತು. ನಾನು ಎರಡನ್ನೂ ಇಸವಿ ಸಮೇತ ಹೇಳುತ್ತಿದ್ದೆ. ಅವಳು ಆಗಷ್ಟೇ ಸುದ್ದಿ ಬಂದಂತೆ ಎದೆ ಬಡಿದುಕೊಂಡು ಅಳುವಳು. ಮರುದಿನ ಮತ್ತೆ ಗಂಟು, ಮತ್ತೆ ಇಸವಿ, ಮತ್ತೆ ಅಣ್ಣಯ್ಯನ ಸಾವು. ಎರಡು ವರ್ಷ ಹೀಗೇ ನಡೆಸಿದೆ.

ಒಂದು ಸಂಜೆ ಅತ್ತು ಅತ್ತು ಸುಮ್ಮನಾದವಳು, ಸೆರಗಿನಲ್ಲಿ ಕಣ್ಣೊರೆಸುತ್ತಾ ನನ್ನನ್ನೇ ಕೇಳಿದಳು: "ಆನು ಎಂತಕ್ಕೆ ಅಳ್ತಾ ಇದ್ದಿ?" ಸುದ್ದಿ ಅಳಿಸಿಹೋಗಿತ್ತು, ದುಃಖ ಉಳಿದಿತ್ತು. ಉತ್ತರ ಗೊತ್ತಿದ್ದ ಮೇಷ್ಟ್ರಿಗೆ ಬಾಯಿ ಬರಲಿಲ್ಲ.

ಅಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಮೊದಮೊದಲೇ ಕೆಡುತ್ತದೆ, ಹೊಸದು ಅಚ್ಚಾಗುವುದಿಲ್ಲ, ಹಳೆಯದು ಬಹುಕಾಲ ಉಳಿಯುತ್ತದೆ ಎಂದು ಡಾಕ್ಟರು ಆರಂಭದಲ್ಲೇ ಹೇಳಿದ್ದರು. ನೋಟ್ಸ್ ಬರೆದುಕೊಂಡಿದ್ದೆ, ಪಾಠ ತಲೆಗೆ ಹೋಗಿರಲಿಲ್ಲ. ಲಿಂಗನಮಕ್ಕಿಯಲ್ಲೂ ಹೀಗೇ: ಮಳೆ ಕೈಕೊಟ್ಟ ವರ್ಷ ಹಿನ್ನೀರು ತಳ ಕಂಡಾಗ, ಅದರಡಿ ಮುಳುಗಿದ್ದ 1948ರ ಹಿರೇಭಾಸ್ಕರ ಅಣೆಕಟ್ಟೆ ಇಡಿಯಾಗಿ ಮೇಲೆದ್ದು ನಿಲ್ಲುತ್ತದೆ. ಅಮ್ಮ ಮುಳುಗುತ್ತಿದ್ದಾಳೆಂದು ನಾವು ಅಂದುಕೊಂಡಿದ್ದೆವು. ಅವಳ ಪಾಲಿಗೆ ನೀರು ಇಳಿಯುತ್ತಿತ್ತು.

ಮರುದಿನ ಗಂಟನ್ನು ನಾನೇ ಎತ್ತಿಕೊಂಡೆ. "ದಾರಿ ಯಾವುದು ಅಮ್ಮ?" ಅಂಗಳ ಸುತ್ತಿದೆವು. "ಇಲ್ಲಿ ಸಂಕ ಇದ್ದು, ಜಾರ್ತು" ಎಂದು ನನ್ನ ಕೈ ಹಿಡಿದಳು. ಬಟ್ಟೆ ಒಣಹಾಕುವ ಹಗ್ಗದ ಬಳಿ ತವರಿನ ಕೆರೆ ಬಂತು, ತುಳಸಿಕಟ್ಟೆಯ ಬಳಿ ಬೇಲಿಯ ದಣಪೆ. ಶರಾವತಿ ಯೋಜನೆಯ ಬಗ್ಗೆ ವರ್ಷಾ ವರ್ಷಾ ಐದು ಅಂಕದ ಪ್ರಶ್ನೆ ಕೊಟ್ಟವನಿಗೆ, ಮುಳುಗಿದ ಆ ಊರಿನಲ್ಲಿ ಜಾರುವ ಕಾಲುಸಂಕವೊಂದಿತ್ತು ಎಂದು ಗೊತ್ತಾದದ್ದು ಅವತ್ತು. ಕೇಳುವುದು ಇನ್ನೂ ಬೇಕಾದಷ್ಟಿತ್ತು. ಅವಳಲ್ಲಿ ಮಾತು ಉಳಿದದ್ದು ಐದೇ ತಿಂಗಳು. ಅದಕ್ಕೂ ಮುಂಚಿನ ಎರಡು ವರ್ಷದ ಸಂಜೆಗಳನ್ನೆಲ್ಲ ನಾನು ಸರಿ ಉತ್ತರಕ್ಕೆ ಸುರಿದಿದ್ದೆ.

ಸುತ್ತಿ ಬಂದು ಮತ್ತೆ ನಮ್ಮದೇ ಜಗಲಿ ಹತ್ತಿದಾಗ ಅಮ್ಮನ ಮುಖ ಅರಳಿತು. ಅಪ್ಪನಮನೆ ಬಂದಿತ್ತು. ಗಂಟು ಇಸಿದುಕೊಂಡು, ದಾರಿಗೆ ಜೊತೆಯಾದವನಿಗೆ ಹೇಳಿದಳು: "ಕಾಲು ತೊಳ್ಕಂಡು ಬಾ ತಮಾ. ಆಸ್ರಿಗೆ ಎಂತ ಕೊಡ್ಲಿ?"

"ಬೆಲ್ಲ-ನೀರು ಸಾಕು" ಅಂದೆ.