ಈವ್ ಸಾಂ ಲೊರಾಂ ನಿವೃತ್ತಿ: ಪ್ಯಾರಿಸ್‌ನ ಹೊಲಿಗೆ ಪರಂಪರೆಯಲ್ಲಿ ಉತ್ತರಾಧಿಕಾರದ ಪ್ರಶ್ನೆ

ಪ್ಯಾರಿಸ್‌ನ ಉಡುಪು ಉದ್ಯಮದಲ್ಲಿ ‘ಓತ್ ಕುತ್ಯೂರ್’ ಎಂದು ಕರೆಯಲಾಗುವ ಶಾಖೆಯಲ್ಲಿ ಪ್ರತಿಯೊಂದು ಉಡುಪೂ ಒಬ್ಬ ಗಿರಾಕಿಯ ಮೈಯಳತೆಗೆ ತಕ್ಕಂತೆ, ಬಹುಮಟ್ಟಿಗೆ ಕೈಹೊಲಿಗೆಯಲ್ಲಿಯೇ, ಒಂದೊಂದಾಗಿ ಸಿದ್ಧವಾಗುತ್ತದೆ. 1945ರಿಂದ ಈ ಹೆಸರಿಗೆ ಫ್ರಾನ್ಸಿನಲ್ಲಿ ಕಾನೂನಿನ ರಕ್ಷಣೆಯಿದ್ದು, ಪ್ಯಾರಿಸ್‌ನಲ್ಲಿಯೇ ಸ್ವಂತ ಕಾರ್ಯಾಗಾರವನ್ನು ಹೊಂದಿರುವ, ನಿಗದಿತ ಸಂಖ್ಯೆಯ ಪೂರ್ಣಾವಧಿ ಕುಶಲಕರ್ಮಿಗಳಿಗೆ ಕೆಲಸ ಕೊಟ್ಟಿರುವ ಹಾಗೂ ವರ್ಷಕ್ಕೆ ಎರಡು ಬಾರಿ ಹೊಸ ಉಡುಪುಗಳನ್ನು ಪ್ರದರ್ಶಿಸುವ ಸಂಸ್ಥೆಗಳು ಮಾತ್ರ ಅದನ್ನು ಬಳಸಬಹುದು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಇಂಥ ಸಂಸ್ಥೆಗಳು ನೂರಕ್ಕೂ ಹೆಚ್ಚು ಇದ್ದವು. 1960ರ ದಶಕದ ಕೊನೆಯ ಹೊತ್ತಿಗೆ ಅವುಗಳ ಸಂಖ್ಯೆ ಇಪ್ಪತ್ತರ ಆಸುಪಾಸಿಗೆ ಇಳಿದಿತ್ತು. ಈ ಇಳಿಕೆಯ ಕಾಲವನ್ನು ತುಂಬ ಹತ್ತಿರದಿಂದ ಕಂಡು, ಅದರ ನಡುವೆಯೂ ನಾಲ್ಕು ದಶಕ ತನ್ನ ಹೆಸರಿನ ಸಂಸ್ಥೆಯನ್ನು ನಡೆಸಿದ ವಿನ್ಯಾಸಕ ಈವ್ ಸಾಂ ಲೊರಾಂ 2002ರ ಜನವರಿ 7ರಂದು ನಿವೃತ್ತಿಯನ್ನು ಘೋಷಿಸಿದಾಗ, ಅವರ ಸ್ಥಾನಕ್ಕೆ ಯಾರು ಬರಬೇಕು ಎಂಬ ಪ್ರಶ್ನೆಯು ಒಬ್ಬ ವ್ಯಕ್ತಿಯನ್ನು ಮೀರಿ, ಆ ಕಸುಬು ಮುಂದುವರಿಯುವುದು ಹೇಗೆ ಎಂಬ ಪ್ರಶ್ನೆಯೂ ಆಯಿತು.

ಈ ಕಸುಬಿನ ಆರಂಭದ ಕಾಲದಲ್ಲಿ ಉತ್ತರಾಧಿಕಾರವು ಮನೆತನದ ವಿಷಯವಾಗಿತ್ತು. 1858ರಲ್ಲಿ ರ್‍ಯು ದ ಲಾ ಪೇ ಬೀದಿಯಲ್ಲಿ ಅಂಗಡಿ ತೆರೆದು, ವಿನ್ಯಾಸಕನ ಹೆಸರೇ ಉಡುಪಿನ ಬೆಲೆಯನ್ನು ನಿರ್ಧರಿಸುವ ಪದ್ಧತಿಗೆ ನಾಂದಿ ಹಾಡಿದ ಚಾರ್ಲ್ಸ್ ಫ್ರೆಡರಿಕ್ ವರ್ತ್ 1895ರಲ್ಲಿ ತೀರಿಕೊಂಡಾಗ ಅವರ ಇಬ್ಬರು ಮಕ್ಕಳು ವ್ಯವಹಾರವನ್ನು ವಹಿಸಿಕೊಂಡರು. ಇಪ್ಪತ್ತನೆಯ ಶತಮಾನದ ಮಧ್ಯಭಾಗಕ್ಕೆ ಬರುವಾಗ ಬಂಡವಾಳ ಒಬ್ಬರದು, ಹೆಸರು ಇನ್ನೊಬ್ಬರದು ಎಂಬ ವ್ಯವಸ್ಥೆ ಬೇರೂರಿತ್ತು. ಬಟ್ಟೆ ಗಿರಣಿಗಳ ಒಡೆಯ ಮಾರ್ಸೆಲ್ ಬುಸಾಕ್ ಅವರ ಹಣದಿಂದ ಆರಂಭವಾಗಿ, 1947ರ ಫೆಬ್ರವರಿಯಲ್ಲಿ ಮೊದಲ ಪ್ರದರ್ಶನದಿಂದಲೇ ಲೋಕಪ್ರಸಿದ್ಧವಾದ ಕ್ರಿಶ್ಚಿಯನ್ ಡಿಯೊರ್ ಸಂಸ್ಥೆ ಇದಕ್ಕೆ ಮುಖ್ಯ ಉದಾಹರಣೆ. 1957ರ ಅಕ್ಟೋಬರ್‌ನಲ್ಲಿ ಡಿಯೊರ್ ಇಟಲಿಯಲ್ಲಿ ಹಠಾತ್ತನೆ ನಿಧನರಾದಾಗ ಸಂಸ್ಥೆಯ ಹೊಣೆ ಬಂದದ್ದು, ಅಲ್ಜೀರಿಯಾದ ಒರಾನ್ ನಗರದಲ್ಲಿ ಹುಟ್ಟಿ, 1955ರಲ್ಲಿ ಸಹಾಯಕರಾಗಿ ಸೇರಿದ್ದ ಇಪ್ಪತ್ತೊಂದು ವರ್ಷದ ಸಾಂ ಲೊರಾಂ ಅವರ ಹೆಗಲಿಗೆ. ಮರುವರ್ಷದ ಜನವರಿಯಲ್ಲಿ ಅವರು ತೋರಿಸಿದ, ಹೆಗಲಿನಿಂದ ಕೆಳಕ್ಕೆ ಅಗಲವಾಗುತ್ತ ಸೊಂಟವನ್ನು ಬಿಗಿಯದೆ ಇಳಿಯುವ ‘ಟ್ರಪೀಜ್’ ಉಡುಪುಗಳು ಮೆಚ್ಚುಗೆ ಗಳಿಸಿದವು. ಆದರೆ 1960ರಲ್ಲಿ ಬೀದಿಯ ತರುಣರ ಕಪ್ಪು ಚರ್ಮದ ಜಾಕೆಟ್ಟಿನಿಂದ ಪ್ರೇರಣೆ ಪಡೆದ ಸಂಗ್ರಹವು ಹಳೆಯ ಗಿರಾಕಿಗಳಿಗೆ ಹಿಡಿಸಲಿಲ್ಲ. ಅದೇ ವರ್ಷ ಕಡ್ಡಾಯ ಸೈನಿಕ ಸೇವೆಗೆ ಹೋದ ಅವರು ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದ ಸಮಯದಲ್ಲಿಯೇ ಅವರ ಸ್ಥಾನವು ಮಾರ್ಕ್ ಬೊಹಾನ್ ಅವರ ಪಾಲಾಯಿತು. ಉತ್ತರಾಧಿಕಾರಿಯಾಗುವುದರ ಗೌರವವನ್ನೂ ಅದರ ಅಭದ್ರತೆಯನ್ನೂ ಇಪ್ಪತ್ತೈದು ತುಂಬುವ ಮೊದಲೇ ಅನುಭವಿಸಿದ ಇಂಥ ವಿನ್ಯಾಸಕರು ವಿರಳ.

ಸಂಗಾತಿ ಪಿಯೆರ್ ಬೆರ್ಜೆ ಅವರ ವ್ಯವಹಾರ ಚಾತುರ್ಯದ ಬಲದಿಂದ ಸಾಂ ಲೊರಾಂ 1961ರಲ್ಲಿ ಸ್ವಂತ ಸಂಸ್ಥೆಯನ್ನು ಕಟ್ಟಿ, 1962ರ ಜನವರಿಯಲ್ಲಿ ಮೊದಲ ಸಂಗ್ರಹವನ್ನು ತೋರಿಸಿದರು. 1974ರಲ್ಲಿ ಸಂಸ್ಥೆಯು ಅವೆನ್ಯೂ ಮಾರ್ಸೊದ 5ನೆಯ ಸಂಖ್ಯೆಯ ಕಟ್ಟಡಕ್ಕೆ ಬಂದಿತು. ಅಲ್ಲಿನ ಕೆಲಸದ ಕ್ರಮವನ್ನು, 2002ರಲ್ಲಿ ಬಿಡುಗಡೆಯಾದ ಡೇವಿಡ್ ತೆಬೂಲ್ ಅವರ ಸಾಕ್ಷ್ಯಚಿತ್ರವು ಕಣ್ಣಿಗೆ ಕಟ್ಟುವಂತೆ ದಾಖಲಿಸಿದೆ. ಬಿಳಿಯ ಮೇಲಂಗಿ ತೊಟ್ಟ ವಿನ್ಯಾಸಕರು ಬರೆದ ರೇಖಾಚಿತ್ರಗಳು ಮೊದಲು ಕಾರ್ಯಾಗಾರದ ಮುಖ್ಯಸ್ಥರ ಕೈಗೆ ಹೋಗುತ್ತವೆ. ಕೋಟು, ಷರಾಯಿಗಳಂತಹ ಬಿಗಿಯಾದ ಆಕಾರದ ಉಡುಪುಗಳಿಗೆ ಒಂದು ಕಾರ್ಯಾಗಾರ, ರೇಷ್ಮೆ, ಷಿಫಾನುಗಳ ಇಳಿಬೀಳುವ ಉಡುಪುಗಳಿಗೆ ಇನ್ನೊಂದು ಎಂದು ಕೆಲಸ ಹಂಚಿಹೋಗಿರುತ್ತದೆ. ಮುಖ್ಯಸ್ಥರು ಆ ಗೆರೆಗಳನ್ನು ತಮ್ಮದೇ ತಿಳಿವಳಿಕೆಯಿಂದ ಅರ್ಥೈಸಿಕೊಂಡು, ‘ತುಆಲ್’ ಎಂದು ಕರೆಯುವ ಬಿಳಿಯ ಹತ್ತಿಬಟ್ಟೆಯ ಮಾದರಿಯನ್ನು ಕತ್ತರಿಸಿ, ಹೊಲಿಸಿ, ರೂಪದರ್ಶಿಗೆ ತೊಡಿಸಿ ತರುತ್ತಾರೆ. ವಿನ್ಯಾಸಕರು ಅದನ್ನು ದೊಡ್ಡ ಕನ್ನಡಿಯಲ್ಲಿ ನೋಡಿ, ತೋಳನ್ನು ಎಲ್ಲಿ ಎತ್ತಬೇಕು, ನೆರಿಗೆಯನ್ನು ಎಲ್ಲಿ ಬಿಡಬೇಕು ಎಂಬುದನ್ನು ತೀರ್ಮಾನಿಸಿದ ಬಳಿಕವೇ ಬೆಲೆಬಾಳುವ ಬಟ್ಟೆಗೆ ಕತ್ತರಿ ಬೀಳುತ್ತದೆ. ರೇಖಾಚಿತ್ರದಲ್ಲಿ ಇಲ್ಲದ, ಬಟ್ಟೆಯ ಭಾರ ಮತ್ತು ಓಟವನ್ನು ಬೆರಳಿನಿಂದಲೇ ಅಳೆಯಬಲ್ಲ ತಿಳಿವಳಿಕೆಯು ಮುಖ್ಯಸ್ಥರಲ್ಲಿಯೂ ಅವರ ಕೈಕೆಳಗಿನ ಹೊಲಿಗೆಯವರಲ್ಲಿಯೂ ಇರುತ್ತದೆ. ಅದು ಪುಸ್ತಕದಿಂದ ಬರುವುದಿಲ್ಲ, ಒಂದೇ ಮೇಜಿನ ಸುತ್ತ ಕುಳಿತ ಹಿರಿಯರಿಂದ ಕಿರಿಯರಿಗೆ ದಾಟುತ್ತದೆ. ಡಿಯೊರ್ ದಿನಗಳಿಂದಲೇ ಪರಿಚಿತರಾಗಿದ್ದ ಆನ್-ಮಾರಿ ಮುನ್ಯೋಜ್ ಅವರಂತಹ ಸಹೋದ್ಯೋಗಿಗಳು ದಶಕಗಳ ಕಾಲ ಅದೇ ಛಾವಣಿಯಡಿ ಉಳಿದದ್ದರಿಂದಲೇ ಈ ಸಂಸ್ಥೆಯ ಕೈಗುಣ ಒಂದೇ ಹದದಲ್ಲಿ ಉಳಿಯಿತು.

ಆದರೆ ಈ ಕಸುಬಿನ ಆರ್ಥಿಕ ತಳಹದಿಯನ್ನು ಬದಲಾಯಿಸಿದವರಲ್ಲಿ ಸಾಂ ಲೊರಾಂ ಅವರೂ ಒಬ್ಬರು ಎಂಬುದನ್ನು ಮರೆಯುವಂತಿಲ್ಲ. 1966ರ ಸೆಪ್ಟೆಂಬರ್‌ನಲ್ಲಿ ಅವರು ಸೇನ್ ನದಿಯ ಎಡದಂಡೆಯಲ್ಲಿ ‘ರೀವ್ ಗೋಷ್’ ಎಂಬ ಸಿದ್ಧ ಉಡುಪಿನ ಅಂಗಡಿಯನ್ನು ತೆರೆದು, ಅಲ್ಲಿಯವರೆಗೆ ಸಿರಿವಂತರಿಗಷ್ಟೇ ಎಟುಕುತ್ತಿದ್ದ ವಿನ್ಯಾಸವನ್ನು ದುಡಿಯುವ ತರುಣಿಯರ ಬಳಿಗೆ ತಂದರು; ಅದೇ ವರ್ಷ ಗಂಡಸರ ರಾತ್ರಿಯೂಟದ ಸೂಟನ್ನು ಹೆಣ್ಣಿನ ಮೈಗೆ ಹೊಂದಿಸಿದ ‘ಲ ಸ್ಮೋಕಿಂಗ್’ ಹುಟ್ಟಿತು. ಕಾಲ ಸರಿದಂತೆ, ಕೈಹೊಲಿಗೆಯ ಉಡುಪುಗಳು ನಷ್ಟದ ಬಾಬತ್ತಾಗಿ, ಸುಗಂಧದ್ರವ್ಯ ಮತ್ತು ಸಿದ್ಧ ಉಡುಪುಗಳ ಲಾಭದಿಂದ ಅವುಗಳನ್ನು ಸಾಕಬೇಕಾದ ಸ್ಥಿತಿ ಪ್ಯಾರಿಸ್‌ನ ಬಹುತೇಕ ಸಂಸ್ಥೆಗಳಿಗೆ ಒದಗಿತು. ಲಾಭ ಎಲ್ಲಿದೆಯೋ ಅಧಿಕಾರವೂ ಅಲ್ಲಿಗೇ ಹೋಯಿತು. ಸಾಂ ಲೊರಾಂ ಸಂಸ್ಥೆಯು 1993ರಲ್ಲಿ ಔಷಧ ಮತ್ತು ಸೌಂದರ್ಯ ಸಾಮಗ್ರಿಗಳ ದೊಡ್ಡ ಉದ್ಯಮವೊಂದರ ಕೈಸೇರಿ, 1999ರಲ್ಲಿ ಗುಚ್ಚಿ ಸಮೂಹದ ಪಾಲಾಯಿತು. ಕೈಹೊಲಿಗೆಯ ವಿಭಾಗವೊಂದನ್ನು ಮಾತ್ರ ಉದ್ಯಮಿ ಫ್ರಾನ್ಸ್ವಾ ಪಿನೊ ಅವರ ಖಾಸಗಿ ಹೂಡಿಕೆ ಸಂಸ್ಥೆಯ ಆಶ್ರಯದಲ್ಲಿಟ್ಟು, ಸಾಂ ಲೊರಾಂ ಮತ್ತು ಬೆರ್ಜೆ ಅವರ ಸುಪರ್ದಿಗೆ ಬಿಡಲಾಯಿತು. ಹೀಗೆ ಹೆಸರು ಒಂದೇ ಆಗಿದ್ದರೂ ಮನೆ ಎರಡಾಯಿತು.

ಉತ್ತರಾಧಿಕಾರದ ಮೊದಲ ಪರೀಕ್ಷೆ ಇದಕ್ಕಿಂತ ಸ್ವಲ್ಪ ಮೊದಲೇ ಆರಂಭವಾಗಿತ್ತು. ಸಿದ್ಧ ಉಡುಪುಗಳ ಹೊಣೆಗೆ 1998ರಲ್ಲಿ ಆಯ್ಕೆಯಾಗಿದ್ದ ಆಲ್ಬರ್ ಎಲ್ಬಾಜ್, ಗುರುವಿನ ಶೈಲಿಯನ್ನು ಗೌರವದಿಂದ ಮುಂದುವರಿಸುವ ಯತ್ನದಲ್ಲಿದ್ದಾಗಲೇ, ಕೆಲವೇ ಋತುಗಳ ನಂತರ ಹೊಸ ಒಡೆಯರ ನಿರ್ಧಾರದಿಂದ ಸ್ಥಾನ ಕಳೆದುಕೊಂಡರು. ಗುಚ್ಚಿಯನ್ನು ಅಪಾರ ಲಾಭಕ್ಕೆ ತಂದಿದ್ದ ಅಮೆರಿಕದ ಟಾಮ್ ಫೋರ್ಡ್ ಆ ಜಾಗಕ್ಕೆ ಬಂದು, 2000ದ ಅಕ್ಟೋಬರ್‌ನಲ್ಲಿ ತಮ್ಮ ಮೊದಲ ಸಂಗ್ರಹವನ್ನು ತೋರಿಸಿದರು. ಎಲ್ಬಾಜ್ ಅವರಾದರೋ 2001ರಲ್ಲಿ ಲಾನ್ವಾಂ ಎಂಬ ಶತಮಾನ ಕಂಡ ಸಂಸ್ಥೆಗೆ ಹೋಗಿ, ಅಲ್ಲಿ ಹದಿನಾಲ್ಕು ವರ್ಷಗಳ ಅವಕಾಶ ದೊರೆತದ್ದರಿಂದ, ಮಸುಕಾಗಿದ್ದ ಆ ಹೆಸರಿಗೆ ಮತ್ತೆ ಜೀವ ತುಂಬಿದರು. ಒಂದೆಡೆ ಬೇಡವಾದ ಪ್ರತಿಭೆಯೇ ಇನ್ನೊಂದೆಡೆ, ಕಾಲಾವಕಾಶ ಸಿಕ್ಕಿದಾಗ, ಒಂದು ಸಂಸ್ಥೆಯನ್ನು ಎತ್ತಿ ನಿಲ್ಲಿಸಿತೆಂಬ ಸಂಗತಿಯು ಉತ್ತರಾಧಿಕಾರಿಯನ್ನು ಹುಡುಕುವ ಎಲ್ಲರೂ ನೆನಪಿನಲ್ಲಿಡಬೇಕಾದದ್ದು.

2002ರ ಜನವರಿ 22ರ ಸಂಜೆ ಪ್ಯಾರಿಸ್‌ನ ಪಾಂಪಿಡೊ ಕೇಂದ್ರದಲ್ಲಿ ನಡೆದ ಕೊನೆಯ ಪ್ರದರ್ಶನವು ಹೊಸ ಉಡುಪುಗಳ ಜೊತೆಗೆ ನಲವತ್ತು ವರ್ಷಗಳ ದುಡಿಮೆಯನ್ನೂ ಒಂದೇ ವೇದಿಕೆಯ ಮೇಲೆ ನಿಲ್ಲಿಸಿತು. 1965ರ, ಚಿತ್ರಕಾರ ಮೊಂದ್ರಿಯಾನ್ ಅವರ ವರ್ಣಚೌಕಗಳಿಂದ ರೂಪುಗೊಂಡ ನಿಲುವಂಗಿಗಳು, ಬೇಟೆಗಾರರ ಅಂಗಿಯಿಂದ ಹುಟ್ಟಿದ ಜಾಕೆಟ್ಟುಗಳು, 1976ರ ರಷ್ಯನ್ ನೃತ್ಯನಾಟಕದ ವೈಭವವನ್ನು ನೆನಪಿಸುವ ಉಡುಪುಗಳು ಮತ್ತು ಕೊನೆಗೆ ಸ್ಮೋಕಿಂಗ್ ಸೂಟುಗಳ ಸಾಲು ಒಂದರ ಹಿಂದೆ ಒಂದು ಬಂದವು. ಒಳಗೆ ಆಸನ ದೊರೆಯದ ನಗರವಾಸಿಗಳು ಚಳಿಯಲ್ಲಿ ಹೊರಗೆ ನಿಂತು ದೊಡ್ಡ ಪರದೆಗಳ ಮೇಲೆ ಅದನ್ನು ನೋಡಿದರು. ನಟಿ ಕ್ಯಾಥರೀನ್ ದನೂವ್ ಹಾಡಿ ಬೀಳ್ಕೊಟ್ಟಾಗ ಕಣ್ಣೊರೆಸಿಕೊಂಡವರು ಅನೇಕರು. ಅಲ್ಲಿದ್ದವರ ನೆನಪಿನಲ್ಲಿ ಆ ಸಂಜೆ ಒಂದು ಯುಗದ ಮುಕ್ತಾಯವಾಗಿ ಉಳಿದಿದೆ. ಆದರೆ ಅದಕ್ಕಿಂತ ಭಾರವಾದ ಮುಕ್ತಾಯವು ಸದ್ದಿಲ್ಲದೆ ನಡೆದದ್ದು ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ, ಅವೆನ್ಯೂ ಮಾರ್ಸೊದ ಕಾರ್ಯಾಗಾರಗಳು ಮುಚ್ಚಿದಾಗ. ಕೈಹೊಲಿಗೆಯ ವಿಭಾಗಕ್ಕೆ ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ. ವಿನ್ಯಾಸಕರ ಜೊತೆಗೆ ವಿಭಾಗವೂ ನಿವೃತ್ತವಾಯಿತು. ಮುಂದೆ ಅದೇ ಕಟ್ಟಡವು ಐದು ಸಾವಿರಕ್ಕೂ ಹೆಚ್ಚು ಉಡುಪುಗಳನ್ನು ಕಾಪಾಡುವ ಪ್ರತಿಷ್ಠಾನದ ನೆಲೆಯಾಗಿ, 2017ರಲ್ಲಿ ವಸ್ತುಸಂಗ್ರಹಾಲಯವಾಯಿತು. ಉಡುಪುಗಳು ಉಳಿದವು, ಆದರೆ ಅವುಗಳನ್ನು ಹೊಲಿದ ಕೈಗಳ ಕೂಟ ಚದುರಿಹೋಯಿತು.

ಹಿರಿಯ ವಿನ್ಯಾಸಕರು ತೆರಳಿದಾಗ ಯುರೋಪಿನ ಸಂಸ್ಥೆಗಳು ಹಿಡಿದ ದಾರಿಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಬಾಗಿಲು ಮುಚ್ಚುವುದು ಮೊದಲನೆಯದು. 1968ರಲ್ಲಿ ಕ್ರಿಸ್ಟೋಬಲ್ ಬಲೆನ್ಸಿಯಾಗ ಮಾಡಿದ್ದು ಅದನ್ನೇ. ಹೊರಗಿನಿಂದ ಹೆಸರುವಾಸಿಯಾದ ಒಬ್ಬರನ್ನು ತರುವುದು ಎರಡನೆಯದು. 1952ರಲ್ಲಿ ತಾವು ಸ್ಥಾಪಿಸಿ, 1988ರಲ್ಲಿ ಎಲ್‌ವಿಎಂಎಚ್ ಸಮೂಹಕ್ಕೆ ಮಾರಿದ್ದ ಸಂಸ್ಥೆಯಿಂದ ಉಬೇರ್ ದ ಜಿವಾಂಷಿ 1995ರಲ್ಲಿ ನಿವೃತ್ತರಾದ ನಂತರ, ಆ ಸ್ಥಾನಕ್ಕೆ ಜಾನ್ ಗಲಿಯಾನೊ, ಅಲೆಕ್ಸಾಂಡರ್ ಮೆಕ್ವೀನ್, ಜೂಲಿಯನ್ ಮೆಕ್‌ಡೊನಾಲ್ಡ್, ರಿಕಾರ್ಡೊ ಟಿಷಿ ಮುಂತಾದವರು ಒಬ್ಬರ ಹಿಂದೆ ಒಬ್ಬರು ಬಂದರು. ಅವರೆಲ್ಲರೂ ಪ್ರತಿಭಾವಂತರೇ; ಆದರೂ ಮೊದಲ ಹತ್ತು ವರ್ಷಗಳ ಬದಲಾವಣೆಯ ವೇಗದಲ್ಲಿ ಜಿವಾಂಷಿಯ ಉಡುಪು ಎಂದರೆ ಏನು ಎಂಬುದಕ್ಕೆ ಸ್ಥಿರವಾದ ಉತ್ತರವೇ ಉಳಿಯಲಿಲ್ಲ. ಸಂಸ್ಥೆಯೊಳಗೇ ಬೆಳೆದವರಿಗೆ ಹೊಣೆ ಒಪ್ಪಿಸುವುದು ಮೂರನೆಯ ದಾರಿ.

ಈ ಎರಡನೆಯ ಮತ್ತು ಮೂರನೆಯ ದಾರಿಗಳ ಅಂತರವನ್ನು ರೋಮ್ ನಗರದ ವ್ಯಾಲೆಂಟಿನೊ ಸಂಸ್ಥೆಯ ಇತಿಹಾಸವು ಒಂದೇ ಕಡೆ ತೋರಿಸಿಕೊಡುತ್ತದೆ. ವ್ಯಾಲೆಂಟಿನೊ ಗರವಾನಿ 2008ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಕೊನೆಯ ಪ್ರದರ್ಶನ ನೀಡಿ, ತಮ್ಮ ಗುರುತಾದ ಕೆಂಪು ಉಡುಪುಗಳ ಸಾಲಿನೊಂದಿಗೆ ವಿದಾಯ ಹೇಳಿದ ಮೇಲೆ, ಹೊರಗಿನಿಂದ ಬಂದ ಅಲೆಸ್ಸಾಂಡ್ರಾ ಫಾಕಿನೆಟ್ಟಿ ಅವರಿಗೆ ಹೊಣೆ ವಹಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರನ್ನು ಬಿಡುಗಡೆ ಮಾಡಲಾಯಿತು. ನಂತರ ನೇಮಕಗೊಂಡ ಮಾರಿಯಾ ಗ್ರಾಜಿಯಾ ಕ್ಯುರಿ ಮತ್ತು ಪಿಯೆರ್‌ಪಾವ್ಲೊ ಪಿಚ್ಚೋಲಿ, 1999ರಿಂದಲೇ ಅಲ್ಲಿ ಕೈಚೀಲ, ಪಾದರಕ್ಷೆಗಳಂತಹ ಪೂರಕ ಸಾಮಗ್ರಿಗಳನ್ನು ವಿನ್ಯಾಸಗೊಳಿಸುತ್ತಿದ್ದವರು. ಅವರಿಬ್ಬರೂ ಜೊತೆಯಾಗಿ ಎಂಟು ವರ್ಷ ದುಡಿದು, ಕ್ಯುರಿ 2016ರಲ್ಲಿ ಡಿಯೊರ್ ಸಂಸ್ಥೆಗೆ ತೆರಳಿದ ನಂತರ ಪಿಚ್ಚೋಲಿ ಒಬ್ಬರೇ 2024ರವರೆಗೆ ಮುಂದುವರಿಸಿದರು. ಬೆಲ್ಜಿಯಂನ ಡ್ರೀಸ್ ಫಾನ್ ನೋಟನ್ 2024ರಲ್ಲಿ ನಿವೃತ್ತರಾದಾಗಲೂ, ಅವರ ಬಳಿಯೇ 2018ರಿಂದ ಕೆಲಸ ಮಾಡಿದ್ದ ಜೂಲಿಯನ್ ಕ್ಲೌಸ್ನರ್ ಅವರಿಗೆ ಸ್ಥಾನ ದೊರೆಯಿತು. ಒಳಗೆ ಬೆಳೆದವರೇ ನೆಲೆ ನಿಲ್ಲುತ್ತಾರೆ ಎಂಬುದಕ್ಕೆ ಅಪವಾದವಾಗಿ, ಹೊರಗಿನಿಂದ 1983ರಲ್ಲಿ ಶನೆಲ್ ಸಂಸ್ಥೆಗೆ ಬಂದು 2019ರಲ್ಲಿ ಸಾಯುವವರೆಗೂ ಅದನ್ನು ಶಿಖರದಲ್ಲಿಟ್ಟ ಕಾರ್ಲ್ ಲಾಗರ್‌ಫೆಲ್ಡ್ ಅವರ ಹೆಸರನ್ನು ಹೇಳುವುದುಂಟು. ಅಪವಾದ ನಿಜವೇ, ಆದರೆ ಅವರಿಗೆ ದೊರೆತದ್ದು ಮೂವತ್ತಾರು ವರ್ಷ, ಮತ್ತು ಶನೆಲ್‌ನ ಕಾರ್ಯಾಗಾರಗಳು ಆ ಅವಧಿಯುದ್ದಕ್ಕೂ ಕೆಲಸ ನಿಲ್ಲಿಸಲಿಲ್ಲ.

ಶನೆಲ್ ಸಂಸ್ಥೆಯು ಕಸೂತಿ, ಗರಿಗೆಲಸ, ಗುಂಡಿ ತಯಾರಿಕೆಯಂತಹ ಚಿಕ್ಕ ಕಸುಬುಗಳ ಮನೆಗಳನ್ನು ಒಂದೊಂದಾಗಿ ಕೊಂಡು ಉಳಿಸಿಕೊಂಡದ್ದೂ ಈ ಸಂದರ್ಭದಲ್ಲಿ ಮುಖ್ಯವಾಗುತ್ತದೆ. ಸಾಂ ಲೊರಾಂ ಅವರ ಅನೇಕ ಉಡುಪುಗಳಿಗೆ ಕಸೂತಿ ಮಾಡಿಕೊಟ್ಟಿದ್ದ, 1924ರಲ್ಲಿ ಆರಂಭವಾದ ಲೆಸಾಜ್ ಕಸೂತಿ ಮನೆಯು ಶನೆಲ್ ಆಶ್ರಯಕ್ಕೆ ಸೇರಿದ್ದು 2002ರಲ್ಲಿ, ಅಂದರೆ ಅವೆನ್ಯೂ ಮಾರ್ಸೊದ ಬಾಗಿಲು ಮುಚ್ಚಿದ ವರ್ಷವೇ. ಆ ಮನೆತನದ ಜಾನ್-ಫ್ರಾನ್ಸ್ವಾ ಲೆಸಾಜ್ 1990ರ ದಶಕದಲ್ಲಿಯೇ ಚೆನ್ನೈಗೆ ಬಂದು, ದಕ್ಷಿಣ ಭಾರತದ ಕಸೂತಿಗಾರರೊಂದಿಗೆ ಕಾರ್ಯಾಗಾರವನ್ನು ಕಟ್ಟಿದರೆಂಬುದು, ಕೈಕಸುಬಿನ ಉತ್ತರಾಧಿಕಾರವು ರಕ್ತಸಂಬಂಧವನ್ನೂ ದೇಶದ ಗಡಿಯನ್ನೂ ದಾಟಬಲ್ಲದು ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಇರುವ ಸಾಕ್ಷ್ಯ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಹಿರಿಯ ವಿನ್ಯಾಸಕರ ಸ್ಥಾನಕ್ಕೆ ಯಾರು ಬರಬೇಕು ಎಂಬ ಪ್ರಶ್ನೆಗೆ ಪತ್ರಿಕೆಗಳಲ್ಲಿ ಓಡಾಡುವ ಪ್ರಸಿದ್ಧ ಹೆಸರುಗಳ ಪಟ್ಟಿಯು ಸಾಕಾದ ಉತ್ತರವಲ್ಲವೆಂಬುದು ಸ್ಪಷ್ಟವಾಗುತ್ತದೆ. ಕಾರ್ಯಾಗಾರದ ಮುಖ್ಯಸ್ಥರ ಮಾತನ್ನು ಕೇಳಿ ಕಲಿತವರು, ಸಂಸ್ಥೆಯ ಹಳೆಯ ಉಡುಪುಗಳ ಒಳಹೊಲಿಗೆಯನ್ನು ಬಲ್ಲವರು, ಮತ್ತು ಅದನ್ನು ಹಾಗೆಯೇ ನಕಲು ಮಾಡದೆ ತಮ್ಮ ಕಾಲಕ್ಕೆ ಹೊಂದಿಸುವ ಧೈರ್ಯವುಳ್ಳವರು ಆ ಸ್ಥಾನಕ್ಕೆ ತಕ್ಕವರು. ಇಪ್ಪತ್ತೊಂದರ ಸಾಂ ಲೊರಾಂ ಅವರಲ್ಲಿ ಡಿಯೊರ್ ಗುರುತಿಸಿದ್ದು ಈ ಗುಣಗಳನ್ನೇ. ಅಂಥವರಿಗೆ ಕನಿಷ್ಠ ಕೆಲವು ವರ್ಷಗಳ ಕಾಲ, ಒಂದೆರಡು ಋತುಗಳ ಮಾರಾಟದ ಲೆಕ್ಕಕ್ಕೆ ಒಳಪಡಿಸದೆ, ಕೆಲಸ ಮಾಡಲು ಬಿಡುವುದು ಒಡೆಯರ ಹೊಣೆ. ನಿವೃತ್ತಿಗೆ ಮುನ್ನವೇ ಅಂಥವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಯಾರು ಮಾಡುವುದು ಹಿರಿಯರ ಹೊಣೆ. ಪ್ಯಾರಿಸ್‌ನಲ್ಲಾಗಲಿ, ನಮ್ಮ ಊರುಗಳ ಮಗ್ಗ ಮತ್ತು ಹೊಲಿಗೆಯ ಅಂಗಡಿಗಳಲ್ಲಾಗಲಿ, ಕಸುಬೊಂದರ ಹಿರಿಯರು ವಿಶ್ರಾಂತಿ ಬಯಸುವ ಹೊತ್ತಿಗೆ ಅವರ ಜೊತೆಗೆ ದುಡಿದ ಕೈಗಳನ್ನು ಚದುರಿಸದೆ ಉಳಿಸಿಕೊಳ್ಳಬೇಕು. ಆ ಕೈಗಳು ಉಳಿದಲ್ಲಿ ಉತ್ತರಾಧಿಕಾರಿ ಇಂದಲ್ಲದಿದ್ದರೆ ನಾಳೆ ದೊರೆಯುತ್ತಾರೆ, ಅವು ಚದುರಿದ ಮೇಲೆ ಎಷ್ಟು ದೊಡ್ಡ ಹೆಸರನ್ನು ತಂದು ಕೂರಿಸಿದರೂ ಕಸುಬು ಹಿಂದಿರುಗುವುದಿಲ್ಲ.