ಅರ್ಧಕ್ಕೆ ಹೊಳ್ಳಿದ ಗುಡ್ಡ

ಬ್ರಿಟನ್ನಿನಲ್ಲೆಲ್ಲ ಎತ್ತರದ ಬೆಟ್ಟ ಸ್ಕಾಟ್ಲೆಂಡಿನ ಬೆನ್ ನೆವಿಸ್. ಎತ್ತರ 1345 ಮೀಟರು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯೇ ಇದಕ್ಕಿಂತ ಎಷ್ಟೋ ಮೇಲು. ಮಿಶ್ರಿಕೋಟಿಯಿಂದ ಹೋಗಿ ಗ್ಲಾಸ್ಗೋದಲ್ಲಿ ನೌಕರಿ ಹಿಡಿದಿದ್ದ ತರುಣ ಈ ಲೆಕ್ಕ ಹಾಕಿಕೊಂಡೇ, ಮೇ ತಿಂಗಳ ರಜೆಯಲ್ಲಿ ಮೂವರು ಗೆಳೆಯರೊಡನೆ ಹೊರಟ. ಒಬ್ಬ ಗದಗಿನವ, ಒಬ್ಬ ಕೇರಳದವ, ಇನ್ನೊಬ್ಬ ಅಲ್ಲಿಯವನೇ.

ಆದರೆ ಮುಳ್ಳಯ್ಯನಗಿರಿಯನ್ನು ಮುಕ್ಕಾಲುಪಾಲು ವಾಹನವೇ ಹತ್ತಿಸಿಬಿಡುತ್ತದೆ. ಬೆನ್ ನೆವಿಸ್‌ನ ಕಾಲುದಾರಿ ಶುರುವಾಗುವುದು ಹೆಚ್ಚುಕಡಿಮೆ ಸಮುದ್ರಮಟ್ಟದಿಂದ. ಎರಡು ತಾಸು ಏದುಸಿರು ಬಿಡುತ್ತ ಹತ್ತಿ, ನಡುದಾರಿಯ ಕೆರೆಯ ಬಳಿ ಕೂತು ನಕ್ಷೆ ಬಿಡಿಸಿದರೆ ಅಲ್ಲಿಯ ಎತ್ತರ ಸುಮಾರು 570 ಮೀಟರು. ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಿಂತವನೂ ಅದಕ್ಕಿಂತ ಮೇಲಿರುತ್ತಾನೆ!

ಹಿಂದಿನ ರಾತ್ರಿ ಫೋನಿನಲ್ಲಿ ಅವ್ವ ಕೇಳಿದ್ದಳು: "ಮ್ಯಾಲ ಯಾವ ದೇವರ ಐತಿ ತಮ್ಮಾ?"

ವರ್ಷಾ ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬರುವವಳ ಪ್ರಶ್ನೆ ಅದು. ಮೇಲೆ ದೇವರಿಲ್ಲ, ಹಳೆಯ ಗೋಡೆಗಳಿವೆ ಎಂದ. 1883ರಿಂದ 1904ರವರೆಗೆ ಅಲ್ಲೊಂದು ಹವಾಮಾನ ಕೇಂದ್ರವಿತ್ತು. ಹಗಲು ರಾತ್ರಿ, ಹಿಮದಲ್ಲೂ, ತಾಸಿಗೊಮ್ಮೆ ಗಾಳಿ-ಮಳೆ ಅಳೆದು ಬರೆದಿಟ್ಟ ಪುಣ್ಯಾತ್ಮರು ಅಲ್ಲಿದ್ದರು.

"ಹಂಗಾರ ಯಾಕ ಹತ್ತೂದು?" ಇದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ರೆಡ್ ಬರ್ನ್ ಎಂಬ ತೊರೆ ದಾಟಿದ ಮೇಲೆ ದಾರಿ ಹಾವಿನಂತೆ ಸುತ್ತಿಕೊಂಡು ಏರುತ್ತದೆ. ಇನ್ನೇನು ಒಂದು ತಾಸು ಅನ್ನುವಾಗ ಮಂಜು ಕವಿಯಿತು. ಕಾಲಡಿಯ ಹಾದಿ ಹಳೆಯ ಹಿಮದ ಕೆಳಗೆ ಮರೆಯಾಯಿತು. ತುದಿಯ ಒಂದು ಮಗ್ಗುಲಿಗೆ ಕಡಿದಾದ ಪ್ರಪಾತ, ಇನ್ನೊಂದಕ್ಕೆ ಜನ ಜಾರಿ ಸತ್ತ ಆಳದ ಕೊರಕಲು. ಮಂಜಿದ್ದರೆ ದಿಕ್ಸೂಚಿ ಹಿಡಿದೇ ಇಳಿಯಬೇಕು: ತುದಿಯಿಂದ 231 ಡಿಗ್ರಿಯ ದಿಕ್ಕಿಗೆ 150 ಮೀಟರು, ಆಮೇಲೆ 282 ಡಿಗ್ರಿಗೆ ಹೊರಳಬೇಕು. ಹೆಜ್ಜೆಯ ಎಣಿಕೆ ತಪ್ಪಿದರೆ ಮುಗಿಯಿತು. ನಾಲ್ವರಲ್ಲಿ ಇದ್ದದ್ದು ಒಂದೇ ದಿಕ್ಸೂಚಿ.

ಹಿಂತಿರುಗೋಣ ಎಂದ ಸ್ಕಾಟ್ಲೆಂಡಿನವ. ಗದಗಿನವನಿಗೆ ಸಿಟ್ಟು ಬಂತು. "ಇಷ್ಟ ದೂರ ಬಂದು ಹೊಳ್ಳಿ ಹೋಗೂದಾ?"

ದರ್ಶನವಿಲ್ಲದೆ ಗುಡ್ಡ ಇಳಿದ ರೂಢಿ ಮಿಶ್ರಿಕೋಟಿಯವನಿಗೂ ಇರಲಿಲ್ಲ. ಅವನು ಕೇರಳದವನ ಕಾಲು ನೋಡಿದ. ಕ್ಯಾನ್ವಾಸ್ ಬೂಟು ನೆನೆದು ನೀರಾಗಿತ್ತು, ಆತ ನಡುಗುತ್ತಿದ್ದ. ಹತ್ತೋಣವೆಂದರೆ ಸಂಕೋಚಕ್ಕಾದರೂ ಬರುವವನೇ.

"ಹೊಳ್ಳೂಣು," ಎಂದ.

ಗದಗಿನವ ಮಾತು ಬಿಟ್ಟ. ಇಳಿಯುವಾಗ ಎಲ್ಲರಿಗಿಂತ ಮುಂದೆ, ಹಿಂತಿರುಗಿ ನೋಡದೆ ನಡೆದ. ಒಂದೇ ಕೋಣೆಯಲ್ಲಿ ಮೂರು ವರ್ಷ ಕಳೆದ ಸ್ನೇಹ. ಪರದೇಶದಲ್ಲಿ ಕನ್ನಡ ಮಾತಾಡಲು ಇದ್ದವನು ಅವನೊಬ್ಬನೇ. ರೆಡ್ ಬರ್ನ್ ಬಳಿ ಮೋಡದಿಂದ ಹೊರಬಿದ್ದು ಕಲ್ಲಿನ ಮೇಲೆ ಕೂತರು. ಮಿಶ್ರಿಕೋಟಿಯವ ಚೀಲದಿಂದ ಊರಿನ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಹರವಿದ. ಕೇರಳದವ ಒದ್ದೆ ಕಾಲುಚೀಲ ಹಿಂಡಿದ. ಸ್ವಲ್ಪ ಹೊತ್ತಿಗೆ ಮತ್ತೊಂದು ಕೈ ಚಟ್ನಿಯ ಕಡೆ ಚಾಚಿತು.

"ಖಾರ ಕಡಿಮಿ ಆಗೈತಿ," ಎಂದ ಗದಗಿನವ.